ಅಕ್ಕ ಕಟ್ಟಿದ ಪೊಟ್ಟಣಗಳು

ಜನವರಿ 9

ತಮ್ಮಾ,

ಇದರ ಜೊತೆ ಅರವತ್ತೆರಡು ಪೊಟ್ಟಣ ಇವೆ. ಬಿಳಿ ಕಾಗದದ್ದು ಬೆಳಿಗ್ಗೆಗೆ, ಕಂದು ಕಾಗದದ್ದು ಸಂಜೆಗೆ. ಬಂದ ಕೂಡಲೇ ಎಣಿಸಿಕೋ. ಹೋದ ತಿಂಗಳು ಒಂದು ಕಡಿಮೆ ಇದೆ ಅಂತ ಬರೆದು, ಆಮೇಲೆ ಅಂಗಿ ಜೇಬಿನಲ್ಲಿ ಸಿಕ್ಕಿತು ಅಂತ ಇನ್ನೊಂದು ಬರೆದೆಯಲ್ಲ, ಆ ಎರಡು ಪತ್ರಗಳ ನಡುವೆ ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಔಷಧಿ ಕಿಟಕಿಗೆ ಬಂದವರಿಗೆಲ್ಲ ಮಾತ್ರೆಯ ಜೊತೆ ಬೈಗುಳವೂ ಉಚಿತವಾಗಿ ಸಿಕ್ಕಿದೆ.

ಕೈ ನಡುಕ ಹೇಗಿದೆ? ಸ್ಟ್ರಿಪ್ ಬಿಡಿಸಲಾಗದೆ ಹಲ್ಲಲ್ಲಿ ಕಚ್ಚಿದೆ ಅಂತ ನೀನು ಬರೆದ ದಿನವೇ ತೀರ್ಮಾನ ಮಾಡಿದೆ, ಇನ್ನು ನಾನೇ ಬಿಡಿಸಿ, ಹೊತ್ತು ಹೊತ್ತಿಗೆ ಕಟ್ಟಿ ಕಳಿಸುವುದು ಅಂತ. ಇಪ್ಪತ್ತೆರಡು ವರ್ಷದಿಂದ ಊರವರಿಗೆಲ್ಲ ಕಟ್ಟಿಕೊಟ್ಟಿದ್ದೇನೆ, ಒಡಹುಟ್ಟಿದವನಿಗೆ ಕಟ್ಟುವುದು ಕಷ್ಟವೇ? ನಿನ್ನ ಭಾವ ಮಾತ್ರ ಪಕ್ಕದಲ್ಲಿ ಕೂತು, "ಕಿಡ್ನಿ ಕೊಟ್ಟಿದ್ದು ಸಾಲದೂಂತ ಈಗ ಬೆರಳೂ ಕೊಟ್ಟಿದ್ದೀಯಾ?" ಅಂದರು. ಅವರಿಗೂ ಎರಡು ಪೊಟ್ಟಣ ಮಡಿಸಲು ಕೊಟ್ಟೆ, ಮಾತು ನಿಂತಿತು.

ಏಳು ತಿಂಗಳು ತುಂಬಿತು. ಆಪರೇಷನ್ನಿಗೆ ಮೊದಲು ನನ್ನ ತಪಾಸಣೆ ಮಾಡಿದ ಡಾಕ್ಟರು, "ನಿಮ್ಮ ಕಿಡ್ನಿ ಅಂಗಡಿಯಿಂದ ಈಗ ತಂದ ಹಾಗಿದೆ" ಅಂದಿದ್ದರು ನೆನಪಿದೆಯಾ? ನನ್ನದು ಅಂತ ಇರುವ ಯಾವುದನ್ನಾದರೂ ಯಾರಾದರೂ ಹೊಗಳಿದ್ದು ಅದೊಂದೇ ಸಲ. ಹೊಗಳಿದ ವಸ್ತುವನ್ನು ನಿನ್ನ ಕೈಗೆ ಕೊಟ್ಟಿದ್ದೇನೆ. ಸೋಂಕು ತಗಲೀತು, ಬಸ್ ನಿಲ್ದಾಣದ ಆ ಮೈಕಿನ ಮೇಲೆ ಬಟ್ಟೆ ಹಾಕಿಕೊಂಡೇ ಮಾತಾಡು.

ಅಕ್ಕ

•

ಜನವರಿ 30

ಅಕ್ಕಾ,

ಪೊಟ್ಟಣ ಬಂದವು, ಎಣಿಸಿದೆ, ಅರವತ್ತೆರಡು. ಜೇಬನ್ನೂ ನೋಡಿಕೊಂಡೆ.

ಬಸ್ ನಿಲ್ದಾಣದಲ್ಲಿ ಎಲ್ಲ ಮಾಮೂಲು. ನನ್ನ ಗಾಜಿನ ಕೋಣೆಗೆ ಯಾರನ್ನೂ ಬಿಡುತ್ತಿಲ್ಲ. ಬಟ್ಟೆ ಕಟ್ಟಿದ ಮೈಕು ಹಲ್ಲುನೋವು ಬಂದವರ ಹಾಗೆ ಕಾಣುತ್ತದೆ. ಹೊಸ ಪ್ರಕಟಣೆ ಒಂದು ಶುರು ಮಾಡಿದ್ದೇನೆ: "ಬಾಗಿಲಲ್ಲಿ ನಿಲ್ಲಬೇಡಿ, ಬಿದ್ದ ಮೇಲೆ ಬೈಯಬೇಡಿ, ಕಿಟಕಿಯಿಂದ ಚೀಲ ತೂರಬೇಡಿ, ತೂರಿದ ಮೇಲೆ ಸೀಟು ನಂದು ಅನ್ನಬೇಡಿ." ಮೇಲ್ವಿಚಾರಕರು ಬಂದು, "ಬಸ್ಸಿನ ಸಮಯ ಹೇಳಯ್ಯ ಮಾರಾಯ, ಕವಿಗೋಷ್ಠಿ ಬೇಡ" ಅಂದರು. ಬಾಗಿಲ ಹೊರಗೇ ನಿಂತು ಅಂದರು, ಅಷ್ಟು ಮರ್ಯಾದೆ ಇದೆ. ನಾನು, "ಆಗಲಿ ಸಾರ್, ಇನ್ನು ಮೇಲೆ ಸಮಯಕ್ಕೇ ಪ್ರಾಸ ಹಾಕ್ತೀನಿ" ಅಂದೆ.

ಒಂದು ವಿಷಯ. ಸೋಮವಾರ ತೋರಿಸಿಕೊಂಡು ಬಂದೆ. ಡಾಕ್ಟರಮ್ಮ ಆ ದೊಡ್ಡ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದಾರೆ. ಐನೂರರದು ಬೇಡ, ಎರಡೂ ಹೊತ್ತಿಗೆ ಇನ್ನೂರೈವತ್ತರದು ಸಾಕಂತೆ. ನಾನು ಚೆನ್ನಾಗಿದ್ದೇನೆ, ಅದಕ್ಕೇ. ಮುಂದಿನ ಸಲ ಹಾಗೇ ಕಟ್ಟು. ಉಳಿದದ್ದೆಲ್ಲ ಮೊದಲಿನಂತೆ.

ಕೈ ನಡುಕ ಇದೆ. ಮೈಕಿಗೆ ಕೈ ಬೇಕಿಲ್ಲ, ಬಾಯಿ ಸಾಕು.

ತಮ್ಮ

•

ಫೆಬ್ರವರಿ 6

ತಮ್ಮಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಪ್ರಾಸ ಚೆನ್ನಾಗಿತ್ತು. ನಾಲ್ಕನೇ ಸಲ ‘ಒಂದು ವಿಷಯ’ದಿಂದ ಓದಿದೆ.

ಹನ್ನೊಂದು ವರ್ಷದ ಹಿಂದೆ ಬಿಪಿ ಮಾತ್ರೆಯ ವಿಷಯದಲ್ಲೂ ಹೀಗೇ ಬರೆದಿದ್ದೆ ನೀನು. "ಡಾಕ್ಟರೇ ನಿಲ್ಲಿಸಿದರು, ನಾನು ಚೆನ್ನಾಗಿದ್ದೇನೆ, ಅದಕ್ಕೇ." ಯಾವ ಡಾಕ್ಟರೂ ನಿಲ್ಲಿಸಿರಲಿಲ್ಲ. ನಿನಗೆ ಬೇಜಾರು ಬಂದಿತ್ತು, ಅಷ್ಟೇ. ಆ ಬೇಜಾರಿಗೆ ನಿನ್ನ ಎರಡೂ ಕಿಡ್ನಿ ಹೋದವು, ನನ್ನದು ಒಂದು ಬಂತು. ಕಸಿ ಮಾಡಿದವರ ಮಾತ್ರೆ ಇಳಿಸಿದರೆ ಮೈ ಆ ಕಿಡ್ನಿಯನ್ನು ಹೊರಗಿನದು ಅಂತ ಹಿಡಿದು ಹಾಳು ಮಾಡುತ್ತದೆ. ಅದನ್ನು ನಿನಗೆ ನಾನು ಹೇಳಿಕೊಡಬೇಕಾ? ಅದೂ ಏಳೇ ತಿಂಗಳಿಗೆ?

ಚೀಟಿ ಕಳಿಸು. ಡಾಕ್ಟರಮ್ಮ ಕೈಯಾರೆ ಬರೆದ ಚೀಟಿ. ಅದನ್ನು ನೋಡದೆ ಒಂದು ಮಾತ್ರೆಯನ್ನೂ ಬದಲಾಯಿಸುವುದಿಲ್ಲ.

ಅಕ್ಕ

•

ಫೆಬ್ರವರಿ 14

ಅಕ್ಕಾ,

ಚೀಟಿ ಆಸ್ಪತ್ರೆಯ ಫೈಲಿನಲ್ಲಿದೆ. ಫೈಲು ಆಸ್ಪತ್ರೆಯಲ್ಲಿದೆ. ಆಸ್ಪತ್ರೆ ಇದ್ದಲ್ಲೇ ಇದೆ. ಇದಕ್ಕಿಂತ ವಿವರ ನನ್ನ ಹತ್ತಿರ ಇಲ್ಲ.

ಬಿಪಿ ಮಾತ್ರೆಯ ಕಥೆಯನ್ನು ಎಷ್ಟು ಸಲ ಎತ್ತುತ್ತೀ? ಆಗ ತಪ್ಪು ಮಾಡಿದೆ, ಒಪ್ಪಿದ್ದೇನೆ, ಹೊಟ್ಟೆ ಕೊಯ್ಯಿಸಿಕೊಂಡು ಒಪ್ಪಿದ್ದೇನೆ. ಈಗ ಹೇಳುತ್ತಿರುವುದು ನಿಜ. ಇನ್ನೂರೈವತ್ತು. ದಯವಿಟ್ಟು. ಬೇಡ ಅಂದರೆ ಇಲ್ಲೇ ಅಂಗಡಿಯಲ್ಲಿ ಕೊಂಡು, ಸ್ಟ್ರಿಪ್ಪನ್ನು ಹಲ್ಲಲ್ಲೇ ಕಚ್ಚುತ್ತೇನೆ.

ನಿನಗೆ ಫೋನ್ ಮಾಡೋಣ ಅಂತಿದ್ದೆ. ಇಡೀ ದಿನ ಮೈಕಿನಲ್ಲಿ ಒದರಿ ಬಂದವನಿಗೆ ಗಂಟಲೇ ಇರುವುದಿಲ್ಲ. ಇದ್ದರೂ ಫೋನಿನಲ್ಲಿ ನೀನು ಅಳುತ್ತೀ, ನಾನು ಜೋಕು ಹೊಡೆಯುತ್ತೇನೆ, ವಿಷಯ ಹಾಗೇ ಉಳಿಯುತ್ತದೆ. ಬರೆದರೆ ಒಂದಿಷ್ಟಾದರೂ ಮುಂದೆ ಹೋಗುತ್ತದೆ.

ತಮ್ಮ

•

ಫೆಬ್ರವರಿ 22

ತಮ್ಮಾ,

ಆಯಿತು ಬಿಡು. ನೀನು ಹೇಳಿದ ಹಾಗೇ ಕಟ್ಟಿದ್ದೇನೆ. ಅಂಗಡಿಗೆ ಹೋಗಬೇಡ, ಅಲ್ಲಿ ಕೆಮ್ಮುವವರೇ ಹೆಚ್ಚು.

ಇನ್ನೂರೈವತ್ತರದು ನಮ್ಮಲ್ಲಿ ಹಳೇ ಕಂಪನಿಯದು ಮುಗಿದಿದೆ. ಇದು ಬೇರೆ ಕಂಪನಿ. ಬಣ್ಣ ಬೇರೆ, ಉದ್ದ ಸ್ವಲ್ಪ ಹೆಚ್ಚು. ಗಾಬರಿ ಬೀಳಬೇಡ. ಒಂದು ಹೊತ್ತೂ ತಪ್ಪಿಸದೆ ನುಂಗು.

ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದ್ದೆ, ಮುಚ್ಚಿಡುವುದೇಕೆ. "ರೋಗಿ ವಿಷಯ ಹೊರಗಿನವ್ರಿಗೆ ಹೇಳಲ್ಲ" ಅಂದಳು ಒಬ್ಬಳು. "ನಾನು ಹೊರಗಿನವಳಲ್ಲಮ್ಮ, ನನ್ನ ಒಂದು ತುಂಡು ಅವನ ಒಳಗೇ ಇದೆ" ಅಂದೆ. "ಹಾಗಾದ್ರೆ ಅವರನ್ನೇ ಕೇಳಿ" ಅಂತ ಇಟ್ಟುಬಿಟ್ಟಳು.

ಜಗಳ ಬೇಡ. ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಅಂತ ಪ್ರತಿ ಸಲ ಬರೆ, ಅದು ಏರಿದರೆ ಕಿಡ್ನಿ ಸೋಲುತ್ತಿದೆ ಅಂತ ಲೆಕ್ಕ, ನನಗೆ ಅಷ್ಟೇ ಸಾಕು.

ಅಕ್ಕ

•

ಮಾರ್ಚ್ 3

ಅಕ್ಕಾ,

ನೀನು ಇಷ್ಟು ಬೇಗ ಸೋತದ್ದು ನನ್ನ ಆಯುಸ್ಸಿನಲ್ಲಿ ಇದೇ ಮೊದಲು. ಪತ್ರವನ್ನು ಗಾಜಿನ ಕೋಣೆಯಲ್ಲಿ ಅಂಟಿಸೋಣ ಅಂದುಕೊಂಡೆ.

ಹೊಸ ಮಾತ್ರೆ ಗಂಟಲಲ್ಲಿ ಒಂದು ಕ್ಷಣ ನಿಂತು ಯೋಚಿಸಿ ಇಳಿಯುತ್ತದೆ. ಪರವಾಗಿಲ್ಲ. ಕ್ರಿಯಾಟಿನಿನ್ ಒಂದೂ ಮುಕ್ಕಾಲು ಮುಟ್ಟಿಲ್ಲ, ಒಂದೂವರೆಯ ಆಚೀಚೆ. ನಡೆಯುತ್ತದೆ.

"ಹತ್ತರ ಬಸ್ಸು ಹನ್ನೊಂದಕ್ಕೆ, ಹನ್ನೊಂದರದ್ದು ನಿಮ್ಮ ಪುಣ್ಯಕ್ಕೆ." ಇದನ್ನು ಹೇಳಿದ ಮೇಲೆ ಮೇಲ್ವಿಚಾರಕರು ಲಿಖಿತ ಉತ್ತರ ಕೇಳಿದ್ದಾರೆ. ಉತ್ತರವನ್ನೂ ಪ್ರಾಸದಲ್ಲಿ ಕೊಡಬೇಕೆಂದಿದ್ದೇನೆ.

ತಮ್ಮ

•

ಮೇ 19

ಅಕ್ಕಾ,

ಎರಡು ತಿಂಗಳು ಪೊಟ್ಟಣ ಬಂದವು, ನಾನು ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು.

ಕ್ರಿಯಾಟಿನಿನ್ ಸ್ವಲ್ಪ ಏರಿದೆ. ಎರಡೂವರೆ. ಕೇಳಿದ್ದೆಯಲ್ಲ, ಅದಕ್ಕೇ ಬರೆದೆ. ಸೂಜಿ ಹಾಕಿ ಕಿಡ್ನಿಯ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ನೋವಾಗಲಿಲ್ಲ. ಡಾಕ್ಟರಮ್ಮನಿಗೆ ಅರ್ಥವಾಗುತ್ತಿಲ್ಲ. ಮಾತ್ರೆ ಇಳಿಸಿದ ಮೇಲೆ ಸರಿಹೋಗಬೇಕಿತ್ತು, ಯಾಕೆ ಹೋಗುತ್ತಿಲ್ಲ ಅನ್ನುತ್ತಾರೆ. ಬೇರೆ ಏನಾದರೂ ತಿನ್ನುತ್ತೀರಾ, ಯಾರಾದರೂ ಬೇರು ಗೀರು ಕೊಟ್ಟರಾ ಅಂತ ಕೇಳಿದರು. ಇಲ್ಲ ಅಂದೆ. ಇನ್ನೂ ಇಳಿಸೋಣವೆಂದರೆ ಮೈ ಕಿಡ್ನಿಯ ಮೇಲೆ ತಿರುಗಿ ಬೀಳುವ ಭಯ ಅವರಿಗೆ.

ನೀನು ಯೋಚನೆ ಮಾಡಬೇಡ.

ತಮ್ಮ

•

ಮೇ 25

ತಮ್ಮಾ,

"ಇಳಿಸಿದ ಮೇಲೆ ಸರಿಹೋಗಬೇಕಿತ್ತು" ಅಂತ ಯಾವ ಡಾಕ್ಟರು ಹೇಳುತ್ತಾರೆ? ನನಗೂ ಇಪ್ಪತ್ತೆರಡು ವರ್ಷದ ಅನುಭವ ಇದೆ. ಇಳಿಸಿದರೆ ಹಾಳಾಗುತ್ತದೆ, ಸರಿಹೋಗುವುದಿಲ್ಲ. ನಿನ್ನ ಸುಳ್ಳಿಗೆ ತಲೆಯೂ ಇಲ್ಲ ಬಾಲವೂ ಇಲ್ಲ.

ನೆಟ್ಟಗೆ ಕೇಳುತ್ತೇನೆ, ನೆಟ್ಟಗೆ ಹೇಳು. ಪೊಟ್ಟಣದಲ್ಲಿ ಇದ್ದದ್ದನ್ನೆಲ್ಲ ನುಂಗುತ್ತಿದ್ದೀಯಾ, ಅಥವಾ ಅದರಲ್ಲೂ ಆರಿಸಿ ಎಸೆಯುತ್ತಿದ್ದೀಯಾ? ಎಸೆಯುತ್ತಿದ್ದರೆ ನನ್ನ ಕಿಡ್ನಿಯನ್ನೇ ಚರಂಡಿಗೆ ಎಸೆದ ಲೆಕ್ಕ. ನಾನು ಎಡಗಡೆ ಮಗ್ಗುಲಾಗಿ ಮಲಗಲು ಇನ್ನೂ ಆಗುತ್ತಿಲ್ಲ ಕಣೋ. ನಿನಗೆ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಈ ತಿಂಗಳ ಪೊಟ್ಟಣ ಜೊತೆಗಿವೆ. ಎಲ್ಲವನ್ನೂ ನುಂಗು. ಖಾಲಿ ಕಾಗದಗಳನ್ನು ವಾಪಸು ಕಳಿಸು, ಎಣಿಸುತ್ತೇನೆ.

ಅಕ್ಕ

•

ಜುಲೈ 2

ಅಕ್ಕಾ,

ಅರವತ್ತೆರಡು ಕಾಗದ ಇದರಲ್ಲಿವೆ. ಎಣಿಸಿಕೋ. ನಿನ್ನ ಪೊಟ್ಟಣದಲ್ಲಿ ಬಂದ ಒಂದೇ ಒಂದು ಮಾತ್ರೆಯನ್ನೂ ನಾನು ಈವರೆಗೆ ಬಿಟ್ಟಿಲ್ಲ. ನಂಬುವುದಾದರೆ ನಂಬು.

ಎಡಮಗ್ಗುಲ ವಿಷಯ ಓದಿದೆ.

ತಮ್ಮ

•

ಸೆಪ್ಟೆಂಬರ್ 11

ಅಕ್ಕಾ,

ಇದು ಉದ್ದದ ಪತ್ರ. ಕೂತುಕೊಂಡು ಓದು. ಭಾವ ಮನೆಯಲ್ಲಿದ್ದರೆ ಪಕ್ಕದಲ್ಲಿ ಇರಲಿ.

ಕಿಡ್ನಿ ಹೋಯಿತು. ಹೋದ ವಾರದಿಂದ ಮತ್ತೆ ಡಯಾಲಿಸಿಸ್. ವಾರಕ್ಕೆ ಮೂರು ದಿನ, ಅದೇ ಹಳೇ ಕೋಣೆ, ಕಿಟಕಿ ಪಕ್ಕದ ಅದೇ ಕುರ್ಚಿ. ನರ್ಸಮ್ಮ ನೋಡಿ, "ಓ, ನೀವಾ? ಹೋದ್ರಿ ಅಂದ್ಕೊಂಡಿದ್ದೆ" ಅಂದಳು. ಎಲ್ಲಿಗೆ ಅಂತ ಕೇಳಲಿಲ್ಲ ನಾನು.

ಈಗ ನಿನಗೆ ಹೇಳದೆ ಇಟ್ಟದ್ದನ್ನು ಹೇಳುತ್ತೇನೆ. ಜನವರಿಯಲ್ಲೇ ನನ್ನ ಮೂತ್ರದಲ್ಲೂ ರಕ್ತದಲ್ಲೂ ಒಂದು ವೈರಸ್ ಸಿಕ್ಕಿತ್ತು. ಬಿಕೆ ಅಂತ ಅದರ ಹೆಸರು. ಡಾಕ್ಟರಮ್ಮ ಹೇಳಿದ್ದು ಇಷ್ಟು: "ಇದು ಬಹಳ ಜನರ ಮೈಯಲ್ಲಿ ಚಿಕ್ಕಂದಿನಿಂದ್ಲೇ ಸುಮ್ನೆ ಮಲಗಿರುತ್ತೆ, ಅವರಿಗೇನೂ ಮಾಡಲ್ಲ. ಕಸಿ ಆದವರಿಗೆ ಕೊಡೋ ಮಾತ್ರೆ ಇದೆಯಲ್ಲ, ಅದು ಮೈ ಕಾಯೋರನ್ನ ಮಲಗಿಸುತ್ತೆ. ಆಗ ಇದು ಏಳುತ್ತೆ. ಎದ್ದು ಕಿಡ್ನೀನೇ ತಿನ್ನುತ್ತೆ. ಇದಕ್ಕೆ ಅಂತ ನಂಬೋ ಅಂಥ ಔಷಧಿ ಇಲ್ಲ. ನಿಮ್ಮ ಮಾತ್ರೆ ಅರ್ಧ ಮಾಡೋದೇ ಔಷಧಿ." ಎಲ್ಲಿಂದ ಬಂತು ಅಂತ ಕೇಳಿದೆ. "ಕಿಡ್ನಿ ಕೊಟ್ಟವರಿಂದಲೇ ಬಂದಿರೋ ಸಾಧ್ಯತೆ ಜಾಸ್ತಿ" ಅಂದರು.

ಅದನ್ನು ನಿನಗೆ ಹೇಗೆ ಬರೆಯಲಿ? ಅಂಗಡಿಯಿಂದ ಈಗ ತಂದ ಹಾಗಿದೆ ಅಂತ ಯಾರೋ ಅಂದ ಮಾತನ್ನು ನೀನು ಪದಕದ ಹಾಗೆ ಕೊರಳಿಗೆ ಹಾಕಿಕೊಂಡಿದ್ದೆ. ಚೀಟಿಯಲ್ಲಿ ವೈರಸ್ಸಿನ ಹೆಸರು ಇತ್ತು. ಕಳಿಸಿದ್ದರೆ ಒಂದೇ ನೋಟಕ್ಕೆ ನೀನು ಹಿಡಿಯುತ್ತಿದ್ದೆ. ಅದಕ್ಕೇ ಫೈಲಿನ ಕಥೆ ಕಟ್ಟಿದೆ.

ಮಾತ್ರೆ ಅರ್ಧ ಮಾಡಿದರೂ ಪ್ರತಿ ತಿಂಗಳು ವೈರಸ್ಸಿನ ಲೆಕ್ಕ ಏರಿತು. ಸಾವಿರ ಇದ್ದದ್ದು ಹತ್ತು ಸಾವಿರ, ಆಮೇಲೆ ಲಕ್ಷ. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಆಗಸ್ಟಿನಲ್ಲಿ ಡಾಕ್ಟರಮ್ಮ ಆ ಮಾತ್ರೆ ನನ್ನ ರಕ್ತದಲ್ಲಿ ಎಷ್ಟಿದೆ ಅಂತಲೇ ಅಳೆಸಿದರು. ಸಾಮಾನ್ಯವಾಗಿ ಅದನ್ನು ಯಾರೂ ಅಳೆಸುವುದಿಲ್ಲವಂತೆ. ಬೇರೆ ಊರಿನಿಂದ ವರದಿ ಬಂತು. ಇರಬೇಕಾದ್ದರ ಎರಡರಷ್ಟು.

ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು. "ಹಳೇ ಐನೂರರದ್ದೇ ತಗೋತಿದ್ದೀರಿ, ಅಲ್ವಾ?" ಇಲ್ಲ ಅಂದೆ. "ಭಯ ಆಗಿ ತಗೊಂಡ್ರೇನೋ. ಬಹಳ ಜನ ಹಾಗೆ ಮಾಡ್ತಾರೆ." ಇಲ್ಲ ಮೇಡಂ ಅಂದೆ. ಅವರು ಫೈಲಿನಲ್ಲಿ ಬರೆದರು. ತಲೆಕೆಳಗಾಗಿ ಕಂಡರೂ ಓದಿಕೊಂಡೆ: ರೋಗಿ ಹೇಳಿದಂತೆ ಔಷಧಿ ತೆಗೆದುಕೊಂಡಿಲ್ಲ. ಈ ಒಂದು ಸಾಲು ಇರುವವರೆಗೆ ಇನ್ನೊಂದು ಕಿಡ್ನಿಗೆ ಕಾಯುವವರ ಪಟ್ಟಿಗೆ ನನ್ನನ್ನು ಸೇರಿಸುವುದಿಲ್ಲ. ಕೊಟ್ಟದ್ದನ್ನು ಹಾಳು ಮಾಡಿಕೊಂಡವನಿಗೆ ಮತ್ತೆ ಯಾಕೆ ಅನ್ನುವುದು ಸಮಿತಿಯ ನಿಯಮ. ನ್ಯಾಯವೇ.

ನಾನು ಕೂತು ಯೋಚಿಸಿದೆ. ತಪ್ಪು ಆ ಹೊಸ ಕಂಪನಿಯದು. ಇನ್ನೂರೈವತ್ತು ಅಂತ ಮೇಲೆ ಬರೆದು ಒಳಗೆ ಐನೂರು ತುಂಬಿದ್ದಾರೆ. ನಿನ್ನ ಹತ್ತಿರ ಒಂದಾದರೂ ಖಾಲಿ ಸ್ಟ್ರಿಪ್ ಇರುತ್ತದಲ್ಲ, ಕಳಿಸು. ಕಂಪನಿ ಹೆಸರು, ತಯಾರಿಸಿದ ತಾರೀಖು ಬೇಕು. ದೂರು ಕೊಡೋಣ. ಡಾಕ್ಟರಮ್ಮನಿಗೂ ತೋರಿಸಿದರೆ ಆ ಸಾಲು ಹೊಡೆದುಹಾಕುತ್ತಾರೆ.

ನಿನ್ನ ಕಿಡ್ನಿಯಲ್ಲಿ ತಪ್ಪಿರಲಿಲ್ಲ ಅಕ್ಕಾ. ಇಷ್ಟು ಹೇಳಲು ಎಂಟು ತಿಂಗಳು ತೆಗೆದುಕೊಂಡೆ.

ತಮ್ಮ

•

ಅಕ್ಟೋಬರ್ 3

ಅಕ್ಕಾ,

ಸ್ಟ್ರಿಪ್ ಸಿಕ್ಕಿತಾ? ವೈರಸ್ಸಿನ ವಿಷಯಕ್ಕೆ ಬೇಜಾರು ಮಾಡಿಕೊಂಡಿದ್ದೀ ಅಂತ ಕಾಣುತ್ತದೆ. ಬೇಡ. ಸ್ಟ್ರಿಪ್ ಮಾತ್ರ ಕಳಿಸು. ಸಮಿತಿ ನವೆಂಬರಿನಲ್ಲಿ ಸೇರುತ್ತದೆ.

ತಮ್ಮ

•

ಅಕ್ಟೋಬರ್ 24

ತಮ್ಮಾ,

ಕಂಪನಿಯ ಮೇಲೆ ದೂರು ಕೊಡಬೇಡ. ಹೊಸ ಕಂಪನಿ ಇಲ್ಲ. ಅದು ಐನೂರರದ್ದೇ. ಇನ್ನೊಬ್ಬರು ಮಾಡುವ ಐನೂರರದ್ದನ್ನು, ಬಣ್ಣ ಬೇರೆ ಇದ್ದದ್ದನ್ನು, ಹುಡುಕಿ ತರಿಸಿ ಸ್ಟ್ರಿಪ್ ಬಿಡಿಸಿ ಕಟ್ಟಿದವಳು ನಾನು. ಫೆಬ್ರವರಿಯಿಂದ ಆಗಸ್ಟಿನವರೆಗೆ. ಎರಡೂ ಹೊತ್ತು.

ಇದನ್ನು ಬರೆಯಲು ಆರು ವಾರ ಬೇಕಾಯಿತು. ಮೊದಲ ವಾರ ನಿನ್ನ ಕಂಪನಿ ಕಥೆಯನ್ನೇ ಹಿಡಿದುಕೊಂಡು ಬಿಡೋಣವೆಂದು ಅನ್ನಿಸಿತ್ತು. ಸ್ಟ್ರಿಪ್ ಎಸೆದುಬಿಟ್ಟೆ ಅಂತ ಬರೆದರೆ ಮುಗಿಯಿತು. ಬರೆದೂ ಇದ್ದೆ. ಲಕೋಟೆಗೂ ಹಾಕಿದ್ದೆ. ನಿನ್ನ ಭಾವ ಕೇಳಿದರು, "ಅವನು ಮತ್ತೆ ಆ ಕುರ್ಚಿಯಲ್ಲಿ ಕೂತಿದ್ದಾನೆ, ನೀನು ಯಾವ ಕುರ್ಚಿಯಲ್ಲಿ ಕೂತಿದ್ದೀ?" ಅಂತ. ಅವರು ಜೋಕು ಹೊಡೆಯದೆ ಮಾತಾಡಿದ್ದು ಮದುವೆಯಾದ ಮೇಲೆ ಅದು ಎರಡನೇ ಸಲ ಇರಬೇಕು.

ನೀನು ಹಳೇ ಚಾಳಿಗೆ ಬಿದ್ದಿದ್ದೀ ಅಂದುಕೊಂಡೆ. ನಿನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡೆ. ಕ್ರಿಯಾಟಿನಿನ್ ಏರಿದಾಗಲೂ, ನೀನು ಎಸೆಯುತ್ತಿದ್ದೀ, ಅದಕ್ಕೇ ಏರಿತು ಅಂದುಕೊಂಡೆ. ನೀನು ಕಳಿಸಿದ ಅರವತ್ತೆರಡು ಕಾಗದ ಎಣಿಸಿ, ಈಗ ಸರಿಯಾಗಿ ನುಂಗುತ್ತಿದ್ದಾನೆ ಅಂತ ಸಮಾಧಾನಪಟ್ಟೆ. ಆ ದಿನ ಸಿಹಿ ಮಾಡಿದೆ ನಾನು, ಕೇಳಿಸಿಕೋ.

ಆದರೆ ನನಗೂ ಸಿಟ್ಟಿದೆ, ಅದನ್ನೂ ಬರೆಯುತ್ತೇನೆ. ನೀನು ಒಂದು ಸಾಲು ಬರೆದಿದ್ದರೆ ಸಾಕಿತ್ತು. ‘ವೈರಸ್ ಬಂದಿದೆ.’ ಎರಡೇ ಪದ. ಬಹಳ ಜನರ ಮೈಯಲ್ಲಿ ಇರುವುದು ನನ್ನ ಮೈಯಲ್ಲೂ ಇತ್ತು ಅಂತ ತಿಳಿದರೆ ನಾನು ಸಾಯುತ್ತಿದ್ದೆನಾ? ಔಷಧಿ ಕೊಡುವವಳು ಕಣೋ ನಾನು, ಹೂವಲ್ಲ ಬಾಡಿಹೋಗಲು. ನನ್ನ ಮನಸ್ಸಿಗೆ ನೋವಾಗಬಾರದು ಅಂತ ನೀನು ನನ್ನ ಕಿಡ್ನಿಯನ್ನೇ ಬಲಿಗೆ ಕೊಟ್ಟೆ. ನಿನ್ನ ಕಿಡ್ನಿ ಉಳಿಯಬೇಕು ಅಂತ ನಾನೇ ಅದನ್ನು ಕೊಂದೆ. ಇದಕ್ಕೆ ನಿನ್ನ ಹತ್ತಿರ ಪ್ರಾಸ ಇದ್ದರೆ ಹಾಕು.

ಜೊತೆಯಲ್ಲಿರುವ ಇನ್ನೊಂದು ಹಾಳೆ ಡಾಕ್ಟರಮ್ಮನಿಗೆ. ಏನು ಮಾಡಿದೆ, ಯಾವ ತಾರೀಖಿನಿಂದ, ಯಾವ ಮಾತ್ರೆ, ಎಲ್ಲ ಬರೆದು ಸಹಿ ಹಾಕಿದ್ದೇನೆ, ನನ್ನ ನೋಂದಣಿ ಸಂಖ್ಯೆಯ ಸಮೇತ. ಅವರು ಅದನ್ನು ಫೈಲಿಗೆ ಸೇರಿಸಿದರೆ ನಮ್ಮ ಇಲಾಖೆಗೂ ತಿಳಿಸಲೇಬೇಕು. ಆಮೇಲೆ ಔಷಧಿ ಕಿಟಕಿಯಲ್ಲಿ ನಾನು ಇರುವುದಿಲ್ಲ. ಕೊಡುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನಾನೇ ನೇರ ಕಳಿಸಬಹುದಿತ್ತು. ಧೈರ್ಯ ಇಲ್ಲಿಯವರೆಗೆ ಬಂತು, ಅಂಚೆಪೆಟ್ಟಿಗೆಯವರೆಗೆ ಬರಲಿಲ್ಲ. ಲಕೋಟೆಯ ಮೇಲೆ ಅವರ ಹೆಸರಿನ ಬದಲು ನಿನ್ನ ಹೆಸರು ಬರೆದ ಮೇಲೆ ಬಂತು.

ಅಕ್ಕ

•

ನವೆಂಬರ್ 8

ಅಕ್ಕಾ,

ನಿನ್ನ ಪತ್ರ ಬಂದು ಒಂಬತ್ತು ದಿನ ನನ್ನ ಹತ್ತಿರ ಇತ್ತು. ನಾಲ್ಕು ಸಲ ಡಯಾಲಿಸಿಸ್ಸಿಗೆ ಹೋದೆ, ನಾಲ್ಕು ಸಲವೂ ಆ ಹಾಳೆ ಚೀಲದಲ್ಲಿತ್ತು, ನಾಲ್ಕು ಸಲವೂ ಡಾಕ್ಟರಮ್ಮನ ಕೋಣೆಯ ಮುಂದೆ ಹಾದು ಬಂದೆ.

ಮೊದಲ ದಿನ, ಹರಿದು ಹಾಕುತ್ತೇನೆ ಅಂದುಕೊಂಡೆ. ತಪ್ಪು ನನ್ನದು ಅಂತಲೇ ಇರಲಿ, ಅಕ್ಕನ ಕೆಲಸ ಉಳಿಯಲಿ. ಹಾಗೆ ಅಂದುಕೊಂಡಾಗ ಎಷ್ಟು ಹಿತವಾಗಿತ್ತು ಗೊತ್ತಾ? ಫೆಬ್ರವರಿಯಲ್ಲಿ ಚೀಟಿ ಬಚ್ಚಿಟ್ಟಾಗಲೂ ಸರಿಯಾಗಿ ಹೀಗೇ ಹಿತವಾಗಿತ್ತು. ಅದು ನೆನಪಾದ ಮೇಲೆ ಹರಿಯಲಾಗಲಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟು ಇದೆ. ಇಲ್ಲ ಅಂತ ಬರೆಯೋಣವೆಂದು ಕೂತಿದ್ದೆ, ಬರೆಯಲಿಲ್ಲ. ಏಳು ತಿಂಗಳು ನನ್ನ ಬಾಯಿಗೆ ನೀನು ಹಾಕಿದ್ದನ್ನು, ನೀರು ಕುಡಿದು ನುಂಗಿದ್ದೇನೆ, ಖಾಲಿ ಕಾಗದ ಎಣಿಸಿ ಕಳಿಸಿದ್ದೇನೆ. ನನ್ನನ್ನು ನಂಬದೆ ಇರಲು ನಿನಗೆ ಕಾರಣ ಇತ್ತು, ಆ ಕಾರಣ ನಾನೇ ಕೊಟ್ಟದ್ದು, ಅದೂ ಗೊತ್ತು. ಗೊತ್ತಿದ್ದರೆ ಸಿಟ್ಟು ಹೋಗುತ್ತದೆ ಅಂತ ಯಾರು ಹೇಳಿದ್ದು?

ನಿನ್ನೆ ಒಳಗೆ ಹೋದೆ. ಡಾಕ್ಟರಮ್ಮ ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಇದನ್ನ ಫೈಲಿಗೆ ಸೇರಿಸಿದ್ರೆ ನಿಮ್ಮ ಅಕ್ಕನ ಕೆಲಸ ಹೋಗುತ್ತೆ. ಗೊತ್ತಲ್ಲ?"

"ಗೊತ್ತು ಮೇಡಂ."

"ಸೇರಿಸದಿದ್ರೆ ನೀವು ಪಟ್ಟಿಗೆ ಬರಲ್ಲ. ಸೇರಿಸಿದ್ರೂ ಸಮಿತಿ ಒಪ್ಪುತ್ತೆ ಅಂತ ನಾನು ಹೇಳಲಾರೆ. ಒಪ್ಪಿದ್ರೂ ನಾಲ್ಕೈದು ವರ್ಷ ಕಾಯೋದು."

"ಗೊತ್ತು."

"ಅವರಿಗೆ ಹೇಳಿ ಬಂದಿದ್ದೀರಾ?"

"ಇಲ್ಲ. ಹೇಳಿದ್ರೆ ಅವಳು ಸರಿ ಅಂತಾಳೆ. ಅವಳು ಸರಿ ಅಂದದ್ದನ್ನ ನಾನು ಒಂದ್ಸಲ ನಂಬಿದ್ದೀನಿ."

ಅವರು ನಗಲಿಲ್ಲ. ನಾನೂ ನಗಿಸಲು ಅಂದದ್ದಲ್ಲ. "ಸೇರಿಸಿ" ಅಂದೆ. ಅವರು ಹಾಳೆಗೆ ತೂತು ಹೊಡೆದು, ದಾರ ಪೋಣಿಸಿ, ಫೈಲಿನೊಳಗೆ ಸೇರಿಸಿದರು. ನನ್ನ ಮೇಲಿನ ಆ ಹಳೇ ಸಾಲನ್ನು ಹೊಡೆದುಹಾಕಲಿಲ್ಲ. ಅದರ ಪಕ್ಕದಲ್ಲಿ, ‘ಪುಟ 41 ನೋಡಿ’ ಅಂತ ಬರೆದರು. ಪುಟ ನಲವತ್ತೊಂದು ನೀನು.

ಈಗ ಮಾತ್ರೆ ಕಡಿಮೆ, ಪೊಟ್ಟಣ ಬೇಕಾಗಿಲ್ಲ. ಪತ್ರ ಬರೆ. ಇಲಾಖೆಯವರು ಬಂದರಾ, ಏನು ಕೇಳಿದರು, ನಿನ್ನನ್ನು ಯಾವ ದಿನ ಮನೆಗೆ ಕಳಿಸಿದರು, ಭಾವ ಏನಂದರು, ಎಡಮಗ್ಗುಲಾಗಿ ಮಲಗಲು ಆಗುತ್ತದೋ ಇಲ್ಲವೋ, ಎಲ್ಲ ಬರೆ. ಇದ್ದದ್ದು ಇದ್ದ ಹಾಗೆ ಬರೆ. ನನಗೆ ನೋವಾಗದಿರಲಿ ಅಂತ ನೀನು ಚೆನ್ನಾಗಿದ್ದೇನೆ ಅಂತ ಬರೆದರೆ ನಾನು ಅದನ್ನು ನಂಬಿಬಿಡುತ್ತೇನೆ, ನನಗೆ ಅದೇ ಭಯ.

ತಮ್ಮ